ಅತ್ತೆಮಗಳ ಮಕ್ಕಳು ಯಾರು?

1858ರ ಬೇಸಿಗೆ. ರಾಚೆಸ್ಟರ್ ಊರಿನ ವಕೀಲ ಲೂಯಿಸ್ ಹೆನ್ರಿ ಮಾರ್ಗನ್ ವ್ಯವಹಾರದ ಮೇಲೆ ಅಮೆರಿಕದ ಸುಪೀರಿಯರ್ ಸರೋವರದ ದಂಡೆಗೆ ಹೋಗಿದ್ದ. ಅಲ್ಲಿ ಒಜಿಬ್ವಾ ಮೂಲನಿವಾಸಿಗಳ ನಂಟಸ್ತಿಕೆ ವಿಚಾರಿಸಿ ದಂಗಾದ. ತಾನು ಬಲ್ಲ ಸೆನೆಕಾ ಬುಡಕಟ್ಟಿನವರಂತೆ ಇವರಿಗೂ ಅಪ್ಪನ ತಮ್ಮ ಅಪ್ಪನೇ, ತಾಯಿಯ ತಂಗಿ ತಾಯಿಯೇ! ಭಾಷೆ ಮಾತ್ರ ಪೂರಾ ಬೇರೆ.

ಅಲ್ಲಿಂದ ಅವನಿಗೆ ಇದೇ ಗೀಳಾಯಿತು. ತಾಯಿಯ ಅಣ್ಣನನ್ನು ಏನೆಂದು ಕರೆಯುತ್ತೀರಿ? ಅವನ ಮಗಳನ್ನು? ಅವಳ ಮಗನನ್ನು? ಹೀಗೆ ಇನ್ನೂರಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿ ಅಚ್ಚಾಗಿ, ಮಿಷನರಿಗಳನ್ನೂ ರಾಯಭಾರಿಗಳನ್ನೂ ಹುಡುಕಿಕೊಂಡು ಹೊರಟಿತು. 1859ರಲ್ಲಿ ಆರ್ಕಾಟಿನ ಮಿಷನರಿ ಹೆನ್ರಿ ಸ್ಕಡರ್ ತಮಿಳರ ಉತ್ತರ ಕೊಟ್ಟ. ಮಾರ್ಗನ್ ಅದನ್ನು ಸೆನೆಕಾ ಪಟ್ಟಿಯ ಪಕ್ಕಕ್ಕಿಟ್ಟು ನೋಡಿದ. ಬಹುಮಟ್ಟಿಗೆ ಸಾಲಿಗೆ ಸಾಲು ಕೂಡಿಬಂತು. ಮುಂದೆ ತೆಲುಗು, ಕನ್ನಡದ ಪಟ್ಟಿಗಳೂ ಅದೇ ಜಾಡು ಹಿಡಿದವು.

1862ರಲ್ಲಿ ಅವನು ಮಿಸ್ಸೂರಿ ನದಿಯ ಮೇಲ್ಭಾಗದಲ್ಲಿ ಬುಡಕಟ್ಟುಗಳ ನಡುವೆ ಅಲೆಯುತ್ತಿದ್ದ. ಇತ್ತ ಮನೆಯಲ್ಲಿ ಜ್ವರ ಅವನ ಇಬ್ಬರು ಹೆಣ್ಣುಮಕ್ಕಳನ್ನು ಒಯ್ದಿತು. ಸುದ್ದಿ ಸಿಕ್ಕಿದ್ದು ಹಿಂದಿರುಗುವ ದಾರಿಯಲ್ಲಿ. ಆ ಸಂಕಟ ಹೊತ್ತುಕೊಂಡೇ ಅವನು ಕೆಲಸ ಮುಗಿಸಿದ. ಸ್ಮಿತ್ಸೋನಿಯನ್ ಸಂಸ್ಥೆ ಹಸ್ತಪ್ರತಿಯನ್ನು ತಿದ್ದಲು ಹಿಂದಕ್ಕೆ ಕಳಿಸಿತು. ಪುಸ್ತಕ ಹೊರಬಂದದ್ದು 1871ರಲ್ಲಿ. ಅಮೆರಿಕದ ಮೂಲನಿವಾಸಿಗಳು ಏಷ್ಯಾದಿಂದ ಬಂದರೆಂಬುದಕ್ಕೆ ಸೆನೆಕಾ, ತಮಿಳು ಪಟ್ಟಿಗಳ ಹೋಲಿಕೆಯೇ ಸಾಕ್ಷಿ ಎಂದು ಅವನು ನಂಬಿದ್ದ.

ಆದರೆ ಒಂದು ಕಡೆ ಪಟ್ಟಿಗಳು ಕೂಡಿರಲಿಲ್ಲ. ಗಂಡಸಿಗೆ ಅತ್ತೆಮಗಳ ಮಕ್ಕಳು ಸೆನೆಕಾದಲ್ಲಿ ಸೋದರಳಿಯ, ಸೊಸೆ. ತಮಿಳಿನಲ್ಲಿ ಸ್ವಂತ ಮಕ್ಕಳು. ಮಾರ್ಗನ್ ಇದನ್ನು ಕಂಡಿದ್ದ, ಕಾರಣ ಹೊಳೆದಿರಲಿಲ್ಲ. ನನ್ನ ಮಟ್ಟಿಗೆ ಇಡೀ ಪುಸ್ತಕದ ಬೀಗದ ಕೈ ಇದೇ.

ಮಾನವಶಾಸ್ತ್ರಜ್ಞ ರಿವರ್ಸ್ 1914ರಲ್ಲಿ ಈ ಒಗಟಿಗೆ ಕೈಹಾಕಿದ. 1953ರಲ್ಲಿ ಫ್ರಾನ್ಸಿನ ಲೂಯಿ ಡುಮೊಂ ಗಂಟನ್ನು ಪೂರ್ತಿ ಬಿಚ್ಚಿದ. ಆ ಉತ್ತರ ಕರ್ನಾಟಕ ರಾಜ್ಯದ ದಿಬ್ಬೂರಹಳ್ಳಿ ಸೀಮೆಯ ಕನ್ನಡ, ತೆಲುಗು ಮನೆಗಳಿಗೆ ಹೊಸದಲ್ಲ. ತಾಯಿಯ ತಮ್ಮನೂ ಮಾವ, ಹೆಂಡತಿಯ ಅಪ್ಪನೂ ಮಾವ. ಅತ್ತೆಮಗಳು ವರಸೆಯಲ್ಲಿ ಹೆಂಡತಿಯಾಗಬಲ್ಲವಳು, ಆದ್ದರಿಂದ ಅವಳ ಮಕ್ಕಳು ಮಕ್ಕಳೇ. ಮದುವೆಯ ನಂಟು ಒಂದು ತಲೆಮಾರಿಗೆ ತೀರದೆ ಮುಂದಿನದಕ್ಕೂ ಸಾಗುತ್ತದೆ. ಕಿವಿ ಚುಚ್ಚುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಸೋದರಮಾವ ತರುವ ಉಡುಗೊರೆ ಆ ನಂಟಿನದೇ. ಸೆನೆಕಾದವರಲ್ಲಿ ಅತ್ತೆಮಗಳನ್ನು ತರುವ ಕಟ್ಟಳೆ ಇರಲಿಲ್ಲ. ಅದಕ್ಕೇ ಆ ಸಾಲು ಕೂಡಲಿಲ್ಲ.