ಮನೆ ಕಟ್ಟುವ ಮುನ್ನ ಮನೆಯವರನ್ನು ಕೇಳೋಣ

ಉಜ್ಜಿನಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗಳ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುವುದು ಹೊಸ ಸಂಗತಿಯೇನಲ್ಲ. ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತಿದ ಕುಟುಂಬಗಳಲ್ಲಿ ಹಲವು ಅಲ್ಲಿ ಕಟ್ಟಡದ ಕೆಲಸಕ್ಕೆ ಸೇರುತ್ತವೆ. ಇತರರಿಗೆ ಮನೆ ಕಟ್ಟಿಕೊಡುವ ಆ ಕೈಗಳಿಗೆ ಆ ನಗರದಲ್ಲಿ ಒಂದು ಸೂರು ದೊರೆಯುವುದೇ ಎಂಬ ಪ್ರಶ್ನೆ ನಮ್ಮ ಸೀಮೆಗೂ ಸೇರಿದ್ದು. ಆದುದರಿಂದ ಬೆಂಗಳೂರಿನ ಕೋರಮಂಗಲದ ಮಗ್ಗುಲಲ್ಲಿರುವ ಈಜಿಪುರದ ವಸತಿ ವಿವಾದವನ್ನು ಈ ವಾರ ನಮ್ಮ ಕುಟುಂಬಗಳ ಮುಂದಿಡಲು ಬಯಸುತ್ತೇವೆ.

ಈಜಿಪುರದಲ್ಲಿ ನಡೆದದ್ದು

1990ರ ದಶಕದ ಆರಂಭದಲ್ಲಿ ಈಜಿಪುರದಲ್ಲಿ ಆರ್ಥಿಕವಾಗಿ ದುರ್ಬಲರಾದವರಿಗಾಗಿ ನಗರಪಾಲಿಕೆಯ ಮನೆಗಳು ತಲೆಯೆತ್ತಿದವು. 42 ಬ್ಲಾಕುಗಳು, ಒಟ್ಟು 1,512 ಮನೆಗಳು. ಕೂಲಿಕಾರರೂ ಮನೆಗೆಲಸದ ಹೆಂಗಸರೂ ಅಲ್ಲಿ ಸಂಸಾರ ಹೂಡಿದರು. ಕೋರಮಂಗಲದ ಸ್ಥಿತಿವಂತರ ಮನೆಗಳೇ ಅವರಲ್ಲಿ ಅನೇಕರಿಗೆ ಅನ್ನದ ದಾರಿಯಾದವು. ಇದೇ ಆಸುಪಾಸಿನಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟದ ನಿಮಿತ್ತ ಬಹುಮಹಡಿಗಳ ರಾಷ್ಟ್ರೀಯ ಕ್ರೀಡಾಗ್ರಾಮವೂ ಎದ್ದಿತು.

ಬಡವರ ಕಟ್ಟಡಗಳಾದರೋ ಎರಡು ದಶಕ ತುಂಬುವುದರೊಳಗಾಗಿಯೇ ಶಿಥಿಲಗೊಂಡವು, ಕೆಲವೆಡೆ ಕುಸಿದವು. ಹಳೆಯವನ್ನು ಕೆಡವಿ ಹೊಸದನ್ನು ಕಟ್ಟುವುದಾಗಿ ಪಾಲಿಕೆ ನಿಶ್ಚಯಿಸಿತು. ಅಲ್ಲಿಯವರೆಗೆ ಜನರು ಅದೇ ನೆಲದ ಮೇಲೆ ತಗಡಿನ ಶೆಡ್ಡುಗಳಲ್ಲಿ ದಿನ ನೂಕಿದರು. ಮುಂದೆ ಖಾಸಗಿ ಸಹಭಾಗಿತ್ವದ ಒಪ್ಪಂದವೊಂದು ಏರ್ಪಟ್ಟಿತು. 15 ಎಕರೆಗೂ ಮಿಕ್ಕಿದ ಆ ಜಮೀನಿನ ಒಂದು ಪಾಲಿನಲ್ಲಿ ಬಡವರಿಗೆ ಮನೆಗಳು, ಉಳಿದ ಪಾಲಿನಲ್ಲಿ ವಾಣಿಜ್ಯ ಕಟ್ಟಡ ಎಂಬುದು ಅದರ ಸಾರಾಂಶ. ಸಾರ್ವಜನಿಕ ಭೂಮಿಯನ್ನು ಹೀಗೆ ಹಂಚುವುದು ಸರಿಯೇ ಎಂದು ವಾದವೆದ್ದಿತು; ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

2013ರ ಜನವರಿಯಲ್ಲಿ ಪೊಲೀಸರ ಕಾವಲಿನಲ್ಲಿ ಬುಲ್ಡೋಜರುಗಳು ಬಂದು ಶೆಡ್ಡುಗಳನ್ನು ನೆಲಸಮ ಮಾಡಿದವು. ಶಾಲಾ ವರ್ಷ ಇನ್ನೂ ಮುಗಿದಿರಲಿಲ್ಲ. ಸಾವಿರಾರು ಮಂದಿ ಬೀದಿಗೆ ಬಂದರು. ಪರಿಹಾರ ಮತ್ತು ಮರುವಸತಿಯ ಮಾತು ಬಂದಾಗ ಮೂಲ ಹಂಚಿಕೆದಾರರ ಹೆಸರುಗಳಷ್ಟೇ ಲೆಕ್ಕಕ್ಕೆ ಬಂದವು; ಬಾಡಿಗೆಗಿದ್ದವರೂ ಮೂಲ ಹಂಚಿಕೆದಾರರಿಂದ ಕೈಬದಲಾಗಿ ಮನೆ ಪಡೆದವರೂ ಹೊರಗುಳಿದರು. ಕೆಲವು ಕುಟುಂಬಗಳು ವರ್ಷಗಟ್ಟಲೆ ಅಲ್ಲಿಯೇ ಪಾದಚಾರಿ ಮಾರ್ಗದಲ್ಲಿ ಬದುಕಿದವು. ತೆರವಾದ ಜಮೀನಾದರೂ ಹಲವು ವರ್ಷಗಳ ಕಾಲ ಬರಿದಾಗಿಯೇ ಬಿದ್ದಿತ್ತು. ಕೆಡವಲು ಕೆಲವೇ ದಿನಗಳು ಸಾಕಾಗಿದ್ದವು.

ವಾದದ ಎರಡು ಮುಖಗಳು

ಇಂಥ ಯೋಜನೆಗಳನ್ನು ಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಕುಸಿಯುವ ಕಟ್ಟಡದಲ್ಲಿ ಮಕ್ಕಳನ್ನು ಮಲಗಿಸಬೇಕೆಂದು ಯಾರೂ ಬಯಸರು. ಹೊಸ ಮನೆಗಳಿಗೆ ಪಾಲಿಕೆಯ ಬೊಕ್ಕಸದಲ್ಲಿ ಹಣ ಸಾಲದಾದಾಗ ಖಾಸಗಿಯವರನ್ನು ಕರೆಯುವ ಯೋಚನೆ ಬರುವುದೂ ಸಹಜ. ಹಳೆಯ ಬಡಾವಣೆಗಳ ನಿವಾಸಿಗಳಿಗೂ ಅವರದೇ ಆತಂಕಗಳುಂಟು. ಒಂದು ಮನೆಯಿದ್ದಲ್ಲಿ ಇಪ್ಪತ್ತು ಮನೆಗಳೆದ್ದರೆ ಕುಡಿಯುವ ನೀರು ಎಲ್ಲಿಂದ ಬರಬೇಕು? ಚರಂಡಿ ತಾಳುವುದೇ? ರಸ್ತೆ ಸಾಕಾಗುವುದೇ? ಇವು ನ್ಯಾಯವಾದ ಪ್ರಶ್ನೆಗಳು.

ಆದರೆ ನೀರು, ಚರಂಡಿಗಳ ಮಾತಿನ ಮರೆಯಲ್ಲಿ, ಬಡವರು ನಮ್ಮ ಬೀದಿಗೆ ಬರಬಾರದೆಂಬ ಮನಸ್ಸು ಅಡಗಿದೆಯೇ ಎಂಬುದನ್ನು ಪ್ರತಿಯೊಬ್ಬರೂ ಪರೀಕ್ಷಿಸಿಕೊಳ್ಳಬೇಕಾಗಿದೆ. ಮನೆಗೆಲಸದಾಕೆ ಬೆಳಗಿನ ಆರು ಗಂಟೆಗೇ ಬರಬೇಕು, ಆಕೆಯ ಮನೆ ಮಾತ್ರ ಹದಿನೈದು ಮೈಲಿ ಆಚೆಗಿರಬೇಕು ಎಂದರೆ ಹೇಗೆ? 1985ರಲ್ಲಿ ಮುಂಬಯಿಯ ಪಾದಚಾರಿ ಮಾರ್ಗವಾಸಿಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಕವಾಗಿದೆಯೆಂದು ಹೇಳಿತು. ಸೂರು ಹೋದೊಡನೆ ಕೆಲಸವೂ ಹೋಗುವುದೆಂಬ ಸತ್ಯ ಆ ತೀರ್ಪಿನ ಹಿಂದಿದೆ.

ನಾಬೋತನ ನೆರೆಯವರು

ಪವಿತ್ರ ಗ್ರಂಥದಲ್ಲಿನ ನಾಬೋತನ ದ್ರಾಕ್ಷಿತೋಟದ ವೃತ್ತಾಂತ ನಮಗೆಲ್ಲ ಪರಿಚಿತ. ಅರಮನೆಯ ಪಕ್ಕದ ತೋಟ ಅರಸ ಅಹಾಬನಿಗೆ ಬೇಕಾಯಿತು. ಅದಕ್ಕಿಂತ ಒಳ್ಳೆಯ ತೋಟವನ್ನಾಗಲಿ ಸಲ್ಲುವ ಬೆಲೆಯನ್ನಾಗಲಿ ಕೊಡುವೆನೆಂದು ಅವನು ಹೇಳಿದನು. ಇಲ್ಲಿಯವರೆಗೆ ತಪ್ಪೇನೂ ನಡೆದಿರಲಿಲ್ಲ. ಇದು ಪಿತ್ರಾರ್ಜಿತ, ಕೊಡಲಾರೆನೆಂದು ನಾಬೋತನು ನುಡಿದ ಮೇಲೆ ಅನ್ಯಾಯ ಆರಂಭವಾಯಿತು. ರಾಣಿ ಈಜೆಬೆಲಳ ಪತ್ರಗಳನ್ನು ಕಂಡು ಸುಳ್ಳುಸಾಕ್ಷಿ ಹೂಡಿದವರು ನಾಬೋತನ ಊರಿನ ಹಿರಿಯರೇ. ಅವರಲ್ಲಿ ಒಬ್ಬರಾದರೂ ಬೇಡವೆಂದು ಎದ್ದುನಿಂತ ಸಂಗತಿ ಅಲ್ಲಿಲ್ಲ.

ಈ ವಿಷಯದಲ್ಲಿ ಧರ್ಮಸಭೆಯ ನಿಲುವು ಸ್ಪಷ್ಟವಾಗಿದೆ. ವಿಶ್ವಸಂಸ್ಥೆಯು 1987ನ್ನು ಸೂರಿಲ್ಲದವರ ವರ್ಷವೆಂದು ಆಚರಿಸಿದಾಗ, ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಆಯೋಗವು ವಸತಿಹೀನರನ್ನು ಕುರಿತೇ ಒಂದು ಪತ್ರವನ್ನು ಹೊರತಂದಿತು. ದಿವಂಗತ ಪೋಪ್ ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರ ‘ಲೌದಾತೊ ಸೀ’ಯಲ್ಲಿ, ಬಡವರನ್ನು ಸ್ಥಳಾಂತರಿಸುವುದು ಅನಿವಾರ್ಯವಾದರೆ ಅವರಿಗೆ ಮುಂಚಿತವಾಗಿಯೇ ಮಾಹಿತಿ ನೀಡಬೇಕು, ಯೋಗ್ಯ ಮನೆಗಳ ಆಯ್ಕೆ ಅವರ ಮುಂದಿರಬೇಕು, ತೀರ್ಮಾನದಲ್ಲಿ ಅವರೂ ಪಾಲುಗೊಳ್ಳಬೇಕು ಎಂಬ ಬೋಧನೆಯನ್ನು ನೆನಪಿಸಿದರು.

ನಾವು ಕೇಳಬೇಕಾದ ಪ್ರಶ್ನೆಗಳು

ಈ ಪಾಠವನ್ನು ಕಾಣಲು ಬೆಂಗಳೂರಿನವರೆಗೆ ಹೋಗಬೇಕಾದುದೂ ಇಲ್ಲ. ನಮ್ಮದೇ ಜಿಲ್ಲೆಯ ಹಂಪಿಯ ಬಜಾರಿನಲ್ಲಿ ಬದುಕು ಕಟ್ಟಿಕೊಂಡಿದ್ದವರ ಮನೆ, ಅಂಗಡಿಗಳನ್ನು 2011ರ ಜುಲೈನಲ್ಲಿ ಕೆಡವಲಾಯಿತು. ಸ್ಮಾರಕಗಳ ರಕ್ಷಣೆ ಅಗತ್ಯವೆಂಬುದು ನಿಜ. ಅಲ್ಲಿದ್ದವರ ಬದುಕಿನ ರಕ್ಷಣೆಯೂ ಅಷ್ಟೇ ಅಗತ್ಯವಾಗಿತ್ತು.

ನಾಳೆ ನಮ್ಮ ಊರಿನ ಹಳೆಯ ಕೇರಿಯೊಂದರಲ್ಲಿ ಹೊಸ ವಸತಿ ಯೋಜನೆಯ ಪ್ರಸ್ತಾಪ ಬಂದಾಗ ನಾವು ಮೂರು ಪ್ರಶ್ನೆಗಳನ್ನು ಕೇಳೋಣ. ಕೆಡವುವ ದಿನದಿಂದ ಬೀಗದ ಕೈ ಕೊಡುವ ದಿನದವರೆಗೆ ಇಲ್ಲಿನವರು ಎಲ್ಲಿರುತ್ತಾರೆ? ಪಟ್ಟಿಯಲ್ಲಿ ಬಾಡಿಗೆದಾರರ, ವಿಧವೆಯರ, ಕಾಗದಪತ್ರಗಳಿಲ್ಲದವರ ಹೆಸರಿದೆಯೇ? ಮಾತು ಕೊಟ್ಟ ಅವಧಿಯಲ್ಲಿ ಕೆಲಸ ಮುಗಿಯದಿದ್ದರೆ ಹೊಣೆ ಯಾರದು? ಈ ಮೂರಕ್ಕೂ ಬರಹದಲ್ಲಿ ಉತ್ತರ ದೊರೆಯುವವರೆಗೆ ಒಂದು ಗೋಡೆಯೂ ಬೀಳಬಾರದೆಂದು ಪಟ್ಟು ಹಿಡಿಯುವುದು ನೆರೆಯವರಾದ ನಮ್ಮ ಕರ್ತವ್ಯ.

ಧರ್ಮಕೇಂದ್ರಗಳ ಸಂಘಗಳೂ ಯುವಜನರೂ ಈ ಕೆಲಸಕ್ಕೆ ಕೈಹಾಕಬಹುದು. ಅಕ್ಷರ ಬಾರದವರಿಗೆ ನೋಟೀಸು ಓದಿ ಹೇಳುವುದು, ಅರ್ಜಿ ಬರೆದುಕೊಡುವುದು, ಸಭೆಗೆ ಅವರ ಜೊತೆಗೆ ಹೋಗಿ ಕೂಡುವುದು ಇವಾವುದಕ್ಕೂ ಹೆಚ್ಚಿನ ಹಣ ಬೇಡ. ನಾಬೋತನ ಊರಿನ ಹಿರಿಯರು ಮಾಡಲಾರದೆ ಹೋದುದನ್ನು ನಾವಾದರೂ ಮಾಡೋಣ.