ಅಗ್ಗದ ಐಶ್ಯಾಡೋ ತಂದಿದ್ದೀರಾ? ಮೊದಲು ಡಬ್ಬಿಯ ಹಿಂಬದಿ ಓದಿ

ಈದ್ ಹತ್ತಿರವಾದಂತೆ ಫ್ಯಾನ್ಸಿ ಅಂಗಡಿಗಳಲ್ಲಿ ಐಶ್ಯಾಡೋ ಪ್ಯಾಲೆಟ್‌ಗಳು ಸಾಲುಗಟ್ಟಿ ಕೂರುತ್ತವೆ. 200 ರೂಪಾಯಿಗೆ 12 ಬಣ್ಣ! ಇಷ್ಟು ಅಗ್ಗದ್ದನ್ನು ಮಗಳ ಕಣ್ಣಿಗೆ ಹಚ್ಚಬಹುದೇ ಎಂಬ ಅಳುಕು ತಾಯಂದಿರಿಗೆ ಸಹಜ.

ಬೆಲೆ ಕಡಿಮೆ ಎಂದ ಮಾತ್ರಕ್ಕೆ ಹೆದರಬೇಕಿಲ್ಲ. ಹೊಳಪಿಲ್ಲದ ಮ್ಯಾಟ್ ಐಶ್ಯಾಡೋದಲ್ಲಿ ಸಾಮಾನ್ಯವಾಗಿ ಇರುವುದು ಟಾಲ್ಕ್ ಪುಡಿ, ಅಭ್ರಕ, ಅಂಟಿಕೊಳ್ಳಲು ತುಸು ಎಣ್ಣೆಯಂಶ ಮತ್ತು ಬಣ್ಣ. ಕಂದು, ಇಟ್ಟಿಗೆ ಕೆಂಪು, ಕಪ್ಪು ಬಣ್ಣಗಳು ಹೆಚ್ಚಾಗಿ ಕಬ್ಬಿಣದ ಆಕ್ಸೈಡ್‌ನಿಂದ ಬರುತ್ತವೆ. ದುಬಾರಿ ಪ್ಯಾಲೆಟ್‌ಗಳಲ್ಲೂ ಇವೇ ಇರುತ್ತವೆ. ಗ್ಲಿಟರ್‌ಗಿಂತ ಮ್ಯಾಟ್ ಎಷ್ಟೋ ವಾಸಿ. ಗ್ಲಿಟರ್ ಚೂರು ಉದುರಿ ಕಣ್ಣಿನೊಳಗೆ ಬಿದ್ದರೆ ಕಾರ್ನಿಯಾ ಗೀರಿಹೋಗಬಹುದು.

ಹೆದರಬೇಕಾದದ್ದು ಊರು-ಪತ್ತೆ ಇಲ್ಲದ ಮಾಲಿಗೆ. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಕರ ಹೆಸರು-ವಿಳಾಸ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ, ತೀರಾ ಸಣ್ಣ ಪ್ಯಾಕ್‌ಗಳನ್ನು ಬಿಟ್ಟರೆ ಒಳಗಿರುವ ಪದಾರ್ಥಗಳ ಪಟ್ಟಿ ಅಚ್ಚಾಗಿರಬೇಕು. ಇಲ್ಲಿ ತಯಾರಾದದ್ದಾದರೆ ಪರವಾನಗಿ ಸಂಖ್ಯೆ, ಹೊರದೇಶದ್ದಾದರೆ ನೋಂದಣಿ ಸಂಖ್ಯೆಯೂ ಬೇಕು. ಬಣ್ಣದಲ್ಲಿ ಸೀಸ ಎಷ್ಟಿರಬಹುದು ಎಂಬುದಕ್ಕೂ ನಿಯಮದಲ್ಲಿ ಮಿತಿಯಿದೆ: ಹತ್ತು ಲಕ್ಷ ಪಾಲಿನಲ್ಲಿ 20 ಪಾಲು. ವಿಳಾಸವೇ ಇಲ್ಲದ ಡಬ್ಬಿಯಲ್ಲಿ ಈ ಮಿತಿಯನ್ನು ಪಾಲಿಸಿದ್ದಾರೆಂದು ನಂಬುವುದು ಹೇಗೆ? ಸುರ್ಮಾಕ್ಕೂ ಇದೇ ಮಾತು. ಸುರ್ಮಾ ಹೆಸರಿನಲ್ಲಿ ಮಾರುವ ಹಲವು ಪುಡಿಗಳು ಸೀಸದ ಅದಿರಾದ ಗೆಲೀನಾದಿಂದ ಮಾಡಿದವು. ಎಳೆಯ ಮಕ್ಕಳ ಕಣ್ಣಿಗಂತೂ ಅದು ಬೇಡವೇ ಬೇಡ.

ಹೊಸ ಪ್ಯಾಲೆಟನ್ನು ಹಬ್ಬದ ಬೆಳಗ್ಗೆಯೇ ಮೊದಲ ಬಾರಿ ತೆರೆಯಬೇಡಿ. ನಾಲ್ಕು ದಿನ ಮುಂಚೆ ಮೊಣಕೈಯ ಒಳಮಗ್ಗುಲಲ್ಲಿ ಸ್ವಲ್ಪ ಹಚ್ಚಿ, ಎರಡು ದಿನ ಗಮನಿಸಿ. ಅಲರ್ಜಿ ಕೆಲವೊಮ್ಮೆ ತಡವಾಗಿ ಕಾಣಿಸಿಕೊಳ್ಳುತ್ತದೆ, ರೆಪ್ಪೆಯ ಚರ್ಮವೋ ಮೈಯಲ್ಲೇ ಅತಿ ತೆಳು. ತುರಿಕೆ, ಕೆಂಪು ಏನೂ ಇಲ್ಲದಿದ್ದರೆ ರೆಪ್ಪೆಗೆ ಹಚ್ಚಿ ನೋಡಿ. ಅಗ್ಗದ ಮ್ಯಾಟ್ ಪುಡಿ ಬೇಗ ಉದುರುತ್ತದೆ. ಬ್ರಶ್ ಕೊಡವಿ, ಕಣ್ಣು ಮುಚ್ಚಿಕೊಂಡು ಹಚ್ಚಿಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಇರುವವರು ಲೆನ್ಸ್ ಹಾಕಿಕೊಂಡ ಬಳಿಕವೇ ಹಚ್ಚಬೇಕು, ತೆಗೆಯುವಾಗ ಮೊದಲು ಲೆನ್ಸ್ ತೆಗೆಯಬೇಕು.

ವುಝೂವಿನ ವಿಚಾರ ಹಲವರು ಕೇಳುತ್ತಾರೆ. ಒಣ ಪುಡಿ ಸಾಮಾನ್ಯವಾಗಿ ತೊಳೆದರೆ ಹೋಗುತ್ತದೆ. ವಾಟರ್‌ಪ್ರೂಫ್ ಮಸ್ಕಾರ, ಲೈನರ್ ಹಾಗಲ್ಲ, ನೀರು ತಡೆಯಲೆಂದೇ ಮಾಡಿದವು; ಅವನ್ನು ಮೊದಲೇ ಒರೆಸಿ ತೆಗೆಯಬೇಕು. ವುಝೂ ಮಾಡಿದ ಮೇಲೆ ಮುಖದ ತೇವ ಪೂರ್ತಿ ಆರಿದ ನಂತರವೇ ಮತ್ತೆ ಬ್ರಶ್ ಹಿಡಿಯಿರಿ. ಒದ್ದೆ ಬ್ರಶ್ ಡಬ್ಬಿಗೆ ತಾಗಿದರೆ ಅಲ್ಲಿ ರೋಗಾಣು ಬೆಳೆಯಲು ದಾರಿಯಾಗುತ್ತದೆ. ಎಂಜಲು ಹಚ್ಚಿ ಪುಡಿ ಕಲಸುವ ಅಭ್ಯಾಸವೂ ಕೆಲವರಿಗಿದೆ, ದಯವಿಟ್ಟು ಬೇಡ.

ಮದುವೆ ಮನೆಗಳ ಮದರಂಗಿ ರಾತ್ರಿಯಲ್ಲಿ ಒಂದೇ ಪ್ಯಾಲೆಟ್, ಒಂದೇ ಬ್ರಶ್ ಹತ್ತು ಹುಡುಗಿಯರ ಕೈ ಬದಲಾಯಿಸುತ್ತದೆ. ಒಬ್ಬಳಿಗೆ ಕೆಂಗಣ್ಣು ಶುರುವಾಗಿದ್ದರೂ ಸಾಕು, ಉಳಿದವರಿಗೂ ಹರಡಬಹುದು. ಬೇಡ ಎನ್ನಲು ಸಂಕೋಚವಾದರೆ ಬ್ರಶ್ಶನ್ನಾದರೂ ನಿಮ್ಮದೇ ತಂದುಕೊಳ್ಳಿ; ವಾರಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ.

ಕಣ್ಣು ಕೆಂಪಾಗಿ ಕೀವು ಬಂದರೆ ಆ ಪ್ಯಾಲೆಟನ್ನು ಎಸೆದುಬಿಡಿ. ನೋವು, ಮಂಜು ಮಂಜಾಗಿ ಕಾಣುವುದು, ಬೆಳಕು ನೋಡಲಾಗದಿರುವುದು ಇದ್ದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಹನಿ ಹಾಕಿಕೊಳ್ಳಬೇಡಿ, ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಲವು ಸೋಂಕುಗಳು ಇನ್ನಷ್ಟು ಕೆಡುತ್ತವೆ.