ನೃತ್ಯರಂಗದಲ್ಲಿ ವಚನ ಮತ್ತು ವೀರಗಾಸೆ

ವಚನಗಳನ್ನು ಹಾಡುವುದು ಇಂದು ಯಾರಿಗೂ ಹೊಸದಲ್ಲ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವು 1923ರಲ್ಲಿ ಅಚ್ಚಾದ ಮೇಲೆ ಓಲೆಗರಿಗಳಲ್ಲಿ ಅಡಗಿದ್ದ ಶರಣರ ನುಡಿ ಓದುಗರ ಕೈಗೆ ಬಂದಿತು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದ ಗಾಯಕರು ಅದನ್ನು ಕಿವಿಗೆ ತಂದುಕೊಟ್ಟರು. ಈಗ ಅದು ಕಣ್ಣಿಗೂ ಬರುತ್ತಿದೆ. ಭರತನಾಟ್ಯದ ಕಾರ್ಯಕ್ರಮಗಳಲ್ಲಿ ದಾಸರ ಪದವಿದ್ದ ಎಡೆಯಲ್ಲಿ ಅಕ್ಕಮಹಾದೇವಿಯ ವಚನ ಕಾಣಿಸಿಕೊಳ್ಳುತ್ತದೆ. ಸಮಕಾಲೀನ ನೃತ್ಯವೆಂದು ಹೆಸರಾದ ಪ್ರಯೋಗಗಳಲ್ಲಿ ವೀರಗಾಸೆಯ ಹೆಜ್ಜೆ, ಕಳರಿಪಯಟ್ಟಿನ ನೆಗೆತ, ಯೋಗಾಸನ, ಪಾಶ್ಚಾತ್ಯರ ವಾದ್ಯಘೋಷ ಎಲ್ಲವೂ ಒಂದೇ ರಂಗದ ಮೇಲೆ ಕೂಡುತ್ತವೆ. ಇದನ್ನು ಕಂಡು ಸಂಪ್ರದಾಯಕ್ಕೆ ಅಪಚಾರವಾಯಿತೆಂದು ಮರುಗುವವರಿದ್ದಾರೆ. ಶರಣತತ್ತ್ವವು ಜಗತ್ತಿಗೆ ಮುಟ್ಟಿತೆಂದು ಹಿಗ್ಗುವವರೂ ಇದ್ದಾರೆ. ಇಬ್ಬರೂ ತುಸು ಅವಸರಪಡುತ್ತಿದ್ದಾರೆಂದು ನನಗೆ ತೋರುತ್ತದೆ. ಕಟ್ಟೆಯ ಮೇಲಿನ, ಕರಸ್ಥಲದಲ್ಲಿನ, ಜಾತ್ರೆಯ ಬೀದಿಯಲ್ಲಿನ ಒಂದು ವಸ್ತು ದೀಪಾಲಂಕೃತ ರಂಗಕ್ಕೆ ಏರಿದಾಗ ಅದರಲ್ಲಿ ನಿಜವಾಗಿ ಬದಲಾಗುವುದೇನು ಎಂಬುದನ್ನು ಮೊದಲು ವಿಚಾರಿಸಬೇಕು.

ಸಂಪ್ರದಾಯವೆಂದು ನಾವು ಇಂದು ಕರೆಯುವುದು ಎಷ್ಟು ಹಳೆಯದು ಎಂಬುದನ್ನೂ ನೋಡಬೇಕಾಗುತ್ತದೆ. ದೇವಾಲಯದಲ್ಲಿಯೂ ಆಸ್ಥಾನದಲ್ಲಿಯೂ ದೇವದಾಸಿಯರು ಆಡುತ್ತಿದ್ದ ಸದಿರು ಭರತನಾಟ್ಯವೆಂಬ ಹೆಸರು ಹೊತ್ತು ಸಭಾಗೃಹಕ್ಕೆ ಬಂದದ್ದು ಹಿಂದಿನ ಶತಮಾನದ ಮೂವತ್ತರ ದಶಕದಲ್ಲಿ. ರುಕ್ಮಿಣೀದೇವಿ ಅರುಂಡೇಲ್ ಅವರು 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿ ಅದರ ಉಡುಗೆ, ರಂಗಸಜ್ಜಿಕೆ, ಪಾಠಕ್ರಮಗಳನ್ನೆಲ್ಲ ಹೊಸದಾಗಿ ರೂಪಿಸಿದರು. ಅದಕ್ಕೂ ಮೊದಲೇ ಉದಯಶಂಕರರು 1923ರಲ್ಲಿ ರಷ್ಯದ ನರ್ತಕಿ ಆನಾ ಪಾವ್ಲೋವಾ ಅವರೊಡನೆ ಲಂಡನ್ನಿನಲ್ಲಿ ಕುಣಿದಿದ್ದರು. ಮುಂದೆ ಅಲ್ಮೋರದಲ್ಲಿ ಕಲಾಕೇಂದ್ರವನ್ನು ನಡೆಸಿ, 1948ರಲ್ಲಿ ‘ಕಲ್ಪನಾ’ ಎಂಬ ನೃತ್ಯಚಿತ್ರವನ್ನು ತೆಗೆದರು. ಶಿವಪಾರ್ವತಿಯರ ಕಥೆಯನ್ನೂ ಯಂತ್ರದೊಡನೆ ದುಡಿಯುವ ಕಾರ್ಮಿಕನ ಬಾಳನ್ನೂ ಒಂದೇ ದೇಹಭಾಷೆಯಲ್ಲಿ ಹೇಳಿದವರು ಅವರು. ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದ ರಾಮಗೋಪಾಲರು ಕಥಕಳಿ ಭರತನಾಟ್ಯಗಳೆರಡನ್ನೂ ಕಲಿತು ಯೂರೋಪಿಗೆ ಒಯ್ದರು. ಮಲ್ಲೇಶ್ವರದ ಮಾಯಾ ರಾವ್ ಅವರು ಕಥಕ್ ಕಲಿತು, ಅನಂತರ ಸೋವಿಯತ್ ದೇಶಕ್ಕೆ ಹೋಗಿ ನೃತ್ಯಸಂಯೋಜನೆಯನ್ನೇ ಒಂದು ಶಾಸ್ತ್ರವಾಗಿ ಅಭ್ಯಸಿಸಿ ಬಂದು, ಅದನ್ನು ದೆಹಲಿಯಲ್ಲಿಯೂ 1987ರಿಂದ ಬೆಂಗಳೂರಿನಲ್ಲಿಯೂ ಕಲಿಸಿದರು. ಆದುದರಿಂದ ಶುದ್ಧ ಪರಂಪರೆಯೊಂದಿತ್ತು, ಆಧುನಿಕತೆ ಬಂದು ಅದನ್ನು ಕೆಡಿಸಿತು ಎಂಬ ವಾದವು ಇತಿಹಾಸದ ಮುಂದೆ ನಿಲ್ಲದು.

ಇನ್ನು ಶರಣರಿಗೂ ನರ್ತನಕ್ಕೂ ಏನು ಸಂಬಂಧ? ದೇವಾಲಯಗಳಿಗೆ ದತ್ತಿ ಬಿಟ್ಟ ನಮ್ಮ ಶಾಸನಗಳಲ್ಲಿ ‘ಅಂಗಭೋಗ ರಂಗಭೋಗ’ ಎಂಬ ಜೋಡಿಮಾತು ಮೇಲಿಂದ ಮೇಲೆ ಬರುತ್ತದೆ. ದೇವರ ಮೂರ್ತಿಗೆ ಸಲ್ಲುವ ಸ್ನಾನ ಗಂಧ ನೈವೇದ್ಯಗಳು ಅಂಗಭೋಗ. ಅದರ ಮುಂದೆ ನಡೆಯುವ ಗೀತ ವಾದ್ಯ ನೃತ್ಯಗಳು ರಂಗಭೋಗ. ದೇಹವೇ ದೇಗುಲವೆಂದು ಬಸವಣ್ಣನವರು ಸಾರಿದ ಮೇಲೆ ಈ ರಂಗಭೋಗವೂ ಹೊರಗಿನಿಂದ ಒಳಕ್ಕೆ ಬರಬೇಕಾಯಿತು. ತಮ್ಮ ಮೈಯನ್ನೇ ವೀಣೆಯಾಗಿ, ನರಗಳನ್ನೇ ತಂತಿಯಾಗಿ ಅವರು ಕಲ್ಪಿಸಿಕೊಂಡದ್ದು ಈ ಪಲ್ಲಟದ ಫಲ. ಅಂದರೆ ಶರಣರು ಕಲೆಯನ್ನು ಬೇಡವೆನ್ನಲಿಲ್ಲ. ಸಂಬಳಕ್ಕೆ ಆಡಿಸುವ ಕಲೆಯನ್ನು ಬೇಡವೆಂದರು. ಅನುಭಾವಿಗಳ ಗೋಷ್ಠಿಯಲ್ಲಿ ಕಲಕೇತಯ್ಯನಿದ್ದನು, ನಗಿಸುವುದನ್ನೇ ಕಾಯಕವಾಗಿಸಿಕೊಂಡ ನಗೆಯ ಮಾರಿತಂದೆಯಿದ್ದನು. ನಿಜಗುಣ ಶಿವಯೋಗಿಗಳು ‘ವಿವೇಕಚಿಂತಾಮಣಿ’ಯಲ್ಲಿ ಸಂಗೀತನೃತ್ಯಗಳಿಗೂ ಎಡೆಕೊಟ್ಟರು, ಕೆಳದಿಯ ಬಸವಭೂಪಾಲನ ‘ಶಿವತತ್ತ್ವರತ್ನಾಕರ’ವೂ ಅವನ್ನು ಬಿಡಲಿಲ್ಲ.

ಈ ಪ್ರಶ್ನೆಯನ್ನು ಕಾವ್ಯವಾಗಿ ಎದುರಿಸಿದವನು ಚಾಮರಸ. ‘ಪ್ರಭುಲಿಂಗಲೀಲೆ’ಯಲ್ಲಿ ಬನವಾಸಿಯ ಮಧುಕೇಶ್ವರನ ಗುಡಿಯಲ್ಲಿ ಮಾಯೆ ನರ್ತಿಸುತ್ತಾಳೆ, ಅಲ್ಲಮ ಮದ್ದಳೆ ನುಡಿಸುತ್ತಾನೆ. ನೋಡುವವರಿಗೆ ಅದು ನಾಟ್ಯಶಾಲೆಯ ಒಂದು ದಿನ. ಕಾವ್ಯಕ್ಕೆ ಅದು ಮಾಯಾಕೋಲಾಹಲನ ಪರೀಕ್ಷೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಅಲ್ಲಮ ಕಣ್ಣುಮುಚ್ಚಿ ಗುಡ್ಡಕ್ಕೆ ಓಡಿಹೋಗಲಿಲ್ಲ. ತಾಳ ತಪ್ಪದಂತೆ ನುಡಿಸಿಯೇ ನಿರ್ಲಿಪ್ತನಾಗಿ ಉಳಿದ. ನರ್ತನದ ನಡುವೆಯೇ ನರ್ತನಕ್ಕೆ ಅಂಟದಿರುವ ಈ ನಿಲುವನ್ನು ರಂಗದ ಮೇಲೆ ತೋರಿಸುವುದು ಯಾವ ಕಲಾವಿದನಿಗೂ ಸವಾಲೇ ಸರಿ.

ಭರತನಾಟ್ಯದವರು ವಚನವನ್ನು ಎತ್ತಿಕೊಂಡಾಗ ಹೆಚ್ಚಾಗಿ ಅಕ್ಕಮಹಾದೇವಿಯೇ ಅವರ ಆಯ್ಕೆ. ಕಾರಣ ಸ್ಪಷ್ಟ. ಪದಾಭಿನಯದಲ್ಲಿ ನಾಯಿಕೆ ಸಖಿಯೊಡನೆ ಮಾತನಾಡುತ್ತಾಳೆ. ಬಾರದ ನಾಯಕನನ್ನು ನೆನೆದು ಮರುಗುತ್ತಾಳೆ. ಅಕ್ಕನೂ ಎಷ್ಟೋ ವಚನಗಳಲ್ಲಿ ‘ಅವ್ವಾ’ ಎಂದು ಒಬ್ಬಳನ್ನು ಕರೆದೇ ಮಾತು ತೆಗೆಯುತ್ತಾಳೆ. ಆದ್ದರಿಂದ ಕ್ಷೇತ್ರಯ್ಯನ ಪದಕ್ಕೆ ಸಿದ್ಧವಾಗಿದ್ದ ಅಚ್ಚಿನಲ್ಲಿ ಅಕ್ಕನ ವಚನ ಸಲೀಸಾಗಿ ಕುಳಿತುಕೊಳ್ಳುತ್ತದೆ. ಅಪಾಯವಿರುವುದೂ ಇಲ್ಲಿಯೇ. ಕನ್ನಡಿ ನೋಡುವ, ಹೂ ಮುಡಿಯುವ, ಬಾಗಿಲಲ್ಲಿ ಕಾಯುವ ಸಂಚಾರಿಗಳನ್ನು ಒಂದರ ಮೇಲೊಂದು ಸೇರಿಸುತ್ತ ಹೋದರೆ ಕೊನೆಗೆ ನಮಗೆ ಕಾಣುವವಳು ಚೆನ್ನಮಲ್ಲಿಕಾರ್ಜುನನ ಶರಣೆಯಲ್ಲ, ಯಾವುದೋ ಅರಮನೆಯ ವಿರಹೋತ್ಕಂಠಿತೆ. ಅಕ್ಕನು ಒಲಿದದ್ದು ಸಾವು ಕೇಡು ರೂಪುಗಳಿಲ್ಲದ ಚೆಲುವನಿಗೆ. ನರ್ತಕಿಯೋ ಆ ಚೆಲುವನಿಗೆ ಕೂಡಲೆ ಜಟೆ, ಚಂದ್ರ, ತ್ರಿಶೂಲ, ಡಮರುಗಳನ್ನು ಹಸ್ತಮುದ್ರೆಗಳಿಂದ ತೊಡಿಸಿಬಿಡುತ್ತಾಳೆ. ರೂಪಿಲ್ಲವೆಂಬ ಮಾತು ಹಿನ್ನೆಲೆಯ ಗಾಯನದಲ್ಲಿ ಕೇಳುತ್ತಿರುವಾಗಲೇ ರೂಪ ಕಣ್ಣೆದುರು ನಿಂತಿರುತ್ತದೆ. ಶರಣ ಸತಿ ಲಿಂಗ ಪತಿ ಎಂಬ ಭಾವವು ನಾಯಕನಾಯಿಕಾಭಾವದ ಇನ್ನೊಂದು ಹೆಸರಲ್ಲ. ಗಂಡುಮೈಯ ಶರಣನೂ ಅಲ್ಲಿ ಸತಿಯೇ. ಈ ಒಂದು ಅಂಶವನ್ನು ಗ್ರಹಿಸಿದ ಪುರುಷನರ್ತಕನೊಬ್ಬನು ಹೆಣ್ಣಿನ ಒಯ್ಯಾರವನ್ನು ಅನುಕರಿಸದೆ ಆ ಭಾವವನ್ನು ಅಭಿನಯಿಸಬಲ್ಲನಾದರೆ ಅದು ನಿಜವಾದ ಹೊಸ ಪ್ರಯೋಗವೆನಿಸೀತು.

ಅಲ್ಲಮನ ಬೆಡಗಿನ ವಚನಗಳ ಸಂಗತಿ ಬೇರೆ. ಅಲ್ಲಿ ಪದಕ್ಕೆ ಪದ ಹಿಡಿದು ಮುದ್ರೆ ಮಾಡಿದರೆ ಹಾಸ್ಯಾಸ್ಪದವಾಗುತ್ತದೆ. ಇರುವೆಗೆ ಇರುವೆಯ ಮುದ್ರೆ, ಆನೆಗೆ ಆನೆಯ ಮುದ್ರೆ ಹಿಡಿದು ಮುಗಿಸಿದರೆ ಬೆಡಗು ಬಯಲಾಗಲಿಲ್ಲ, ಬರಿಯ ಪ್ರಾಣಿಸಂಗ್ರಹಾಲಯವಾಯಿತು. ಇಂಥಲ್ಲಿ ಹೊಸ ನೃತ್ಯದ ಮಾರ್ಗವೇ ಹೆಚ್ಚು ಸಮೀಪದ್ದಾಗಬಹುದು. ಚಂದ್ರಲೇಖಾ ಅವರು ಭರತನಾಟ್ಯದಲ್ಲಿ ಪರಿಣತರಾಗಿದ್ದೂ ಅದರ ಪುರಾಣಕಥೆಗಳನ್ನೂ ಅಲಂಕಾರವನ್ನೂ ಕೈಬಿಟ್ಟು, ಯೋಗವನ್ನೂ ಕಳರಿಪಯಟ್ಟನ್ನೂ ಆಧಾರವಾಗಿಟ್ಟುಕೊಂಡು 1985ರಲ್ಲಿ ‘ಅಂಗಿಕಾ’ವನ್ನು, 2001ರಲ್ಲಿ ‘ಶರೀರ’ವನ್ನು ರಚಿಸಿದರು. ಅಲ್ಲಿ ಕಥೆಯಿಲ್ಲ, ಬೆನ್ನೆಲುಬು, ಉಸಿರು, ತೂಕ, ನಿಲುವು ಇವೇ ವಸ್ತು. ಒಂದು ಕಾಲನ್ನು ಎತ್ತಿ ಇಳಿಸಲು ಎಷ್ಟೋ ಹೊತ್ತು ಹಿಡಿಯುವ ಆ ನಿಧಾನವು ನಮ್ಮ ಅನೇಕರಿಗೆ ಬೇಸರ ತಂದೀತು. ಆದರೆ ಕಾಯವನ್ನೇ ಅರಿವಿನ ಎಡೆಯಾಗಿ ನೋಡುವ ಷಟ್‍ಸ್ಥಲದ ಅಭ್ಯಾಸಿಗಳಿಗೆ ಆ ಭಾಷೆ ಪರಕೀಯವೆನಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ 1992ರಲ್ಲಿ ಆರಂಭವಾದ ಅಟ್ಟಕ್ಕಲರಿಯಂಥ ಸಂಸ್ಥೆಯಿಂದ ಈ ಬಗೆಯ ಶಿಕ್ಷಣ ನಮ್ಮ ನಾಡಿನ ತರುಣರಿಗೂ ದೊರೆಯುವಂತಾಯಿತು.

ವೀರಗಾಸೆಯದು ಇದಕ್ಕಿಂತ ತೊಡಕಿನ ವಿಷಯ. ಏಕೆಂದರೆ ಅದು ಪುಸ್ತಕದಿಂದ ರಂಗಕ್ಕೆ ಬಂದದ್ದಲ್ಲ, ವ್ರತದಿಂದ ಬಂದದ್ದು. ದಕ್ಷಯಜ್ಞವನ್ನು ಧ್ವಂಸಮಾಡಲು ಶಿವನ ಜಟೆಯಿಂದ ಹುಟ್ಟಿದ ವೀರಭದ್ರನ ಕಥೆಯೇ ಅದರ ಜೀವ. ಕಾವಿಯ ಉಡುಗೆ, ತಲೆಗೆ ಬಿಳಿಯ ಚೌರಿ, ಹಣೆಗೆ ವಿಭೂತಿ, ಕೊರಳಿಗೆ ರುದ್ರಾಕ್ಷಿ, ಮೈಮೇಲೆ ನಾಗಾಭರಣ, ಕಾಲಿಗೆ ಗೆಜ್ಜೆ, ಕೈಯಲ್ಲಿ ಕತ್ತಿ. ಜೊತೆಗೆ ಕರಡೆ, ಸಂಬಾಳ, ತಾಳಗಳ ಮೇಳ. ಶ್ರಾವಣ ಕಾರ್ತಿಕಗಳಲ್ಲಿ, ಮದುವೆ ಜಾತ್ರೆ ಉತ್ಸವಗಳಲ್ಲಿ, ಮೈಸೂರಿನ ವಿಜಯದಶಮಿಯ ಮೆರವಣಿಗೆಯಲ್ಲಿ ಇದನ್ನು ನೋಡದವರಿಲ್ಲ. ಉತ್ತರ ಕರ್ನಾಟಕದಲ್ಲಿ ಪುರವಂತರು ಶಸ್ತ್ರ ಚುಚ್ಚಿಕೊಳ್ಳುವ ಕ್ರಮವೂ ಉಂಟು.

ಆದರೆ ನೋಡಿದವರೆಲ್ಲರೂ ಕೇಳಿದ್ದಾರೆಯೇ? ವೀರಗಾಸೆಯ ಅರ್ಧಭಾಗ ಕುಣಿತ, ಅರ್ಧಭಾಗ ಒಡಪು. ಕುಣಿಯುತ್ತಿದ್ದವನು ನಿಂತು ಕತ್ತಿಯೆತ್ತಿದೊಡನೆ ವಾದ್ಯಗಳು ಮೌನವಾಗುತ್ತವೆ. ಒಂದೇ ಉಸಿರಿನಲ್ಲಿ ಗದ್ಯವೂ ಅಲ್ಲದ ಪದ್ಯವೂ ಅಲ್ಲದ ನುಡಿ ಧಾರೆಯಾಗಿ ಹರಿಯುತ್ತದೆ. ಅದು ಮುಗಿದ ಕ್ಷಣಕ್ಕೆ ಸರಿಯಾಗಿ ವಾದ್ಯಗಳು ಸಿಡಿಯುತ್ತವೆ. ಈ ಹೊಂದಾಣಿಕೆಯನ್ನು ಯಾರೂ ಬರೆದಿಟ್ಟಿಲ್ಲ. ಒಡಪುಗಾರನ ಉಸಿರು ಎಲ್ಲಿ ತೀರುವುದೆಂಬುದನ್ನು ಕರಡೆಯವನು ಅವನ ಮುಖ ನೋಡಿಯೇ ತಿಳಿಯುತ್ತಾನೆ. ಸಾಂಸ್ಕೃತಿಕ ಸಮಾರಂಭಗಳಲ್ಲಿ ತಂಡಕ್ಕೆ ಕೆಲವೇ ನಿಮಿಷಗಳ ಅವಕಾಶ ಸಿಗುವಾಗ ಮೊದಲು ಕತ್ತರಿ ಬೀಳುವುದು ಒಡಪಿಗೇ. ಕನ್ನಡ ಬಾರದ ಪ್ರೇಕ್ಷಕರಿಗೆ ಅದೇಕೆ ಎಂಬ ಸಮಾಧಾನವೂ ಸಿದ್ಧವಾಗಿರುತ್ತದೆ. ಕೆಲವು ವರ್ಷಗಳ ಹಿಂದೆ ನಾನು ನೋಡಿದ ಒಂದು ಮಿಶ್ರನೃತ್ಯದಲ್ಲಿ ವೀರಗಾಸೆಯ ವೇಷ ತೊಟ್ಟ ತರುಣರು ಅತ್ಯಂತ ಶಿಸ್ತಿನಿಂದ, ಒಂದೇ ಅಳತೆಯಲ್ಲಿ ಕುಣಿದರು. ಸಂಗೀತವೆಲ್ಲ ಮುದ್ರಿತ. ಕತ್ತಿ ಎತ್ತಿದಾಗ ವಾದ್ಯ ನಿಲ್ಲಲಿಲ್ಲ. ನಿಲ್ಲುವಂತೆಯೂ ಇರಲಿಲ್ಲ, ಯಂತ್ರಕ್ಕೆ ಕಣ್ಣಿಲ್ಲವಷ್ಟೆ. ವೇಷ, ಹೆಜ್ಜೆ, ಲಯ ಎಲ್ಲವೂ ಸರಿಯಿದ್ದೂ ದಕ್ಷನ ಅಹಂಕಾರವೇಕೆ ಮುರಿಯಿತೆಂಬುದು ಯಾರಿಗೂ ತಿಳಿಯಲಿಲ್ಲ. ಅಂದು ನನಗೆ ಬೇಸರ ತಂದದ್ದು ಪಾಶ್ಚಾತ್ಯ ವಾದ್ಯವಲ್ಲ, ಕರಡೆಯವನ ಅನುಪಸ್ಥಿತಿ.

ಇದಕ್ಕೆ ಎದುರಾಗಿ, ಪುರುಷರಿಗೇ ಮೀಸಲಾಗಿದ್ದ ವೀರಗಾಸೆಯನ್ನು ಈಚಿನ ದಶಕಗಳಲ್ಲಿ ಮಹಿಳಾತಂಡಗಳು ಕಲಿತು ಆಡುತ್ತಿರುವುದನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ. ಹೆಣ್ಣಿಗೂ ಲಿಂಗದೀಕ್ಷೆಯಿತ್ತ ಧರ್ಮದಲ್ಲಿ ಅದು ತಡವಾಗಿ ಬಂದ ಬದಲಾವಣೆಯೆನ್ನಬೇಕು. ಅವರಲ್ಲಿ ಒಡಪು ಬಿಡದೆ ಹೇಳುವ ತಂಡಗಳು ಪಟ್ಟಣದ ಎಷ್ಟೋ ಪುರುಷತಂಡಗಳಿಗಿಂತ ಪರಂಪರೆಗೆ ಹತ್ತಿರವಾಗಿವೆ.

ಪಕ್ಕದ ತೆಲುಗುನಾಡಿನ ಒಂದು ದೃಷ್ಟಾಂತವನ್ನು ಇಲ್ಲಿ ನೆನೆಯಬಹುದು. ಕಾಕತೀಯರ ಕಾಲದ ಜಾಯಸೇನಾಪತಿಯು ‘ನೃತ್ತರತ್ನಾವಳಿ’ಯಲ್ಲಿ ಮಾರ್ಗದೊಡನೆ ದೇಶೀ ನರ್ತನಗಳನ್ನೂ ವಿಸ್ತಾರವಾಗಿ ವರ್ಣಿಸಿದನು, ಅವುಗಳಲ್ಲಿ ಪೇರಣಿಯೂ ಒಂದು. ಆಡುವವರೇ ಇಲ್ಲದೆ ಹೋಗಿದ್ದ ಈ ನರ್ತನವನ್ನು ನಟರಾಜ ರಾಮಕೃಷ್ಣ ಅವರು ಆ ಗ್ರಂಥವನ್ನೂ ಪಾಲಂಪೇಟೆಯ ರಾಮಪ್ಪ ದೇವಾಲಯದ ಶಿಲ್ಪಗಳನ್ನೂ ಮುಂದಿಟ್ಟುಕೊಂಡು ‘ಪೇರಣಿ ಶಿವತಾಂಡವ’ವೆಂದು ಪುನಃ ಕಟ್ಟಿದರು. ಕಲ್ಲಿನಲ್ಲಿ ನಿಂತ ಭಂಗಿಗಳಿವೆ, ಭಂಗಿಯಿಂದ ಭಂಗಿಗೆ ಹೋಗುವ ದಾರಿಯಿಲ್ಲ. ಆ ದಾರಿಯನ್ನು ಅವರು ತಾವೇ ಹುಡುಕಬೇಕಾಯಿತು. ಆದ್ದರಿಂದ ಇಂದಿನ ಪೇರಣಿ ಇಪ್ಪತ್ತನೆಯ ಶತಮಾನದ ಕೃತಿಯೂ ಹೌದು. ನಮ್ಮ ವೀರಗಾಸೆಯಾದರೋ ಶಿಲ್ಪದಿಂದ ಊಹಿಸಬೇಕಾದ ಸ್ಥಿತಿಯಲ್ಲಿಲ್ಲ. ಒಡಪು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಸಾಣೇಹಳ್ಳಿಯ ‘ಶಿವಸಂಚಾರ’ವು 1997ರಿಂದ ನಾಟಕಗಳನ್ನು ಊರಿಂದೂರಿಗೆ ಕೊಂಡೊಯ್ದಿರುವಾಗ, ಮಠದ ಆಶ್ರಯದಲ್ಲಿ ಒಬ್ಬ ಒಡಪುಗಾರ, ಒಬ್ಬ ಕರಡೆಯವ, ಒಬ್ಬ ನೃತ್ಯಸಂಯೋಜಕ ಕೆಲವು ತಿಂಗಳು ಒಟ್ಟಿಗೆ ಕುಳಿತು ಕೆಲಸಮಾಡುವುದು ಅಸಾಧ್ಯದ ಮಾತೇನಲ್ಲ.

ಕಡೆಯದಾಗಿ, ಓದುಗರಲ್ಲಿ ಚರ್ಚೆಗೆ ಕಾರಣವಾಗಬಹುದಾದ ಒಂದು ವಿಷಯ. ಇಷ್ಟಲಿಂಗಪೂಜೆಯನ್ನು ರಂಗದ ಮೇಲೆ ತೋರಿಸಬಹುದೆ? ಕೈಯ ಚಲನೆಯನ್ನು ದೃಷ್ಟಿ ಹಿಂಬಾಲಿಸಬೇಕೆಂದು ‘ಅಭಿನಯದರ್ಪಣ’ವು ವಿಧಿಸುತ್ತದೆ. ಶಿವಯೋಗದಲ್ಲಿಯೂ ದೃಷ್ಟಿ ಕೈಯ ಮೇಲೆಯೇ ಇರುತ್ತದೆ. ಆದರೆ ಅಲ್ಲಿ ಕೈ ಚಲಿಸುವುದಿಲ್ಲ, ರೆಪ್ಪೆಯೂ ಮಿಡುಕುವುದಿಲ್ಲ. ನರ್ತಕನು ಕಲಿತ ವಿದ್ಯೆಯೆಲ್ಲವೂ ಈ ಒಂದು ಎಡೆಯಲ್ಲಿ ನಿಲ್ಲಬೇಕಾಗುತ್ತದೆ. ಎಷ್ಟು ಹೊತ್ತು ನಿಲ್ಲಬಲ್ಲ ಎಂಬುದೇ ಅವನ ಸತ್ತ್ವದ ಅಳತೆ. ಇಷ್ಟಲಿಂಗವನ್ನೋ ಅದರ ಪ್ರತಿಕೃತಿಯನ್ನೋ ರಂಗೋಪಕರಣವಾಗಿ ಬಳಸುವುದು ನನಗೆ ಸಮ್ಮತವಲ್ಲ. ಅದರ ಅಗತ್ಯವೂ ಇಲ್ಲ. ಎಡದ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ವಾದ್ಯಗಳನ್ನು ನಿಲ್ಲಿಸಿ, ಆ ಬರಿಗೈಯಲ್ಲಿ ದೃಷ್ಟಿ ನೆಟ್ಟು ನಿಂತರೆ ನಮ್ಮ ಹಳ್ಳಿಯ ಯಾವ ಮುದುಕಿಗೂ ಅಲ್ಲಿರುವುದೇನೆಂದು ಹೇಳಿಕೊಡಬೇಕಾಗುವುದಿಲ್ಲ.